ಒಂದೂಮುಕ್ಕಾಲು ಸೇರಿನಲ್ಲಿ ಎಷ್ಟು ಅಚ್ಚೇರು?

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ವಾರ ಒಂದೇ ಲೆಕ್ಕಕ್ಕೆ ಎರಡು ಉತ್ತರಗಳನ್ನು ಬರೆದುಕೊಂಡು ಬಂದು, "ದೊಡ್ಡಮ್ಮಾ, ಇವೆರಡರಲ್ಲಿ ಯಾವುದು ಸರಿ?" ಎಂದು ಕೇಳಿದಳು. 1¾ ಅನ್ನು ½ರಿಂದ ಭಾಗಿಸಬೇಕಿತ್ತು. ಶಾಲೆಯಲ್ಲಿ ಕಲಿತ ನಿಯಮದಂತೆ ಮಾಡಿದಾಗ 3½ ಬಂದಿತ್ತು. ಚಿತ್ರ ಬರೆದು ಎಣಿಸಿದಾಗ ಮೂರು ಅರ್ಧಗಳಾಗಿ ಕಾಲು ಉಳಿದಿದ್ದರಿಂದ 3¼ ಎಂದು ಬರೆದಿದ್ದಳು.

ಅಜ್ಜಿಯ ಕಾಲದ ಸೇರು, ಅಚ್ಚೇರು, ಪಾವುಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಒಂದು ಅಚ್ಚೇರು. ಮೊರದಲ್ಲಿ ಒಂದೂಮುಕ್ಕಾಲು ಸೇರು ಅಕ್ಕಿ ಹಾಕಿ ಅಚ್ಚೇರಿನಿಂದ ಅಳೆಯಲು ಹೇಳಿದೆ. ಮೂರು ಸಲ ತುಂಬಿತು, ಒಂದು ಪಾವು ಅಕ್ಕಿ ಉಳಿಯಿತು. ಅದನ್ನೂ ಅಚ್ಚೇರಿಗೇ ಸುರಿದಾಗ ಪಾತ್ರೆಯ ಅರ್ಧದವರೆಗೆ ಬಂದು ನಿಂತಿತು. ಉಳಿದದ್ದು ಸೇರಿನ ಕಾಲು ಭಾಗವೆಂಬುದು ನಿಜ. ಆದರೆ ನಾವು ಎಣಿಸುತ್ತಿದ್ದುದು ಅಚ್ಚೇರುಗಳನ್ನು, ಆದ್ದರಿಂದ ಆ ಲೆಕ್ಕದಲ್ಲಿ ಅದು ಅರ್ಧ. ಶೇಷವನ್ನು ಭಾಜಕದ ಅಳತೆಯಲ್ಲಿ ಹೇಳಬೇಕೆಂಬುದನ್ನು ಮರೆಯುವ ಈ ತಪ್ಪನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ, ಏಕೆಂದರೆ ಯೋಚಿಸುವ ಮಗು ಮಾತ್ರ ಇದನ್ನು ಮಾಡುತ್ತದೆ.

ಉಳಿದ ತಪ್ಪುಗಳು ಹೆಚ್ಚಾಗಿ "ತಿರುಗಿಸಿ ಗುಣಿಸು" ಎಂಬ ಬಾಯಿಪಾಠದಿಂದ ಹುಟ್ಟುತ್ತವೆ. ಯಾವುದನ್ನು ತಿರುಗಿಸಬೇಕೆಂದು ನೆನಪಾಗದೆ ಭಾಜ್ಯವನ್ನೇ ತಿರುಗಿಸಿದರೆ 2/7 ಬರುತ್ತದೆ. ಅದು ಒಂದು ಅಚ್ಚೇರು ಒಂದೂಮುಕ್ಕಾಲು ಸೇರಿನ ಎಷ್ಟನೆಯ ಭಾಗ ಎಂಬ ಬೇರೆಯೇ ಪ್ರಶ್ನೆಯ ಉತ್ತರ. 5 ಅನ್ನು 2½ರಿಂದ ಭಾಗಿಸುವಾಗ ಮಿಶ್ರ ಭಿನ್ನರಾಶಿಯನ್ನು 5/2 ಎಂದು ಬರೆದುಕೊಳ್ಳದೆ ½ ಅನ್ನು ಮಾತ್ರ ತಿರುಗಿಸುವವರಿಗೆ 2ರ ಬದಲು 20 ಸಿಗುತ್ತದೆ. 3/8 ಅನ್ನು 4/9ರಿಂದ ಭಾಗಿಸುವಾಗ ತಿರುಗಿಸುವ ಮೊದಲೇ 8 ಮತ್ತು 4ನ್ನು ಹೊಡೆದುಹಾಕಿದರೆ 27/32 ಬರಬೇಕಾದಲ್ಲಿ 27/2 ಬಂದುಬಿಡುತ್ತದೆ.

ಭಾಷೆಯೂ ಇಲ್ಲಿ ಎಡವಿಸುತ್ತದೆ. "ಆರನ್ನು ಅರ್ಧ ಮಾಡು" ಎಂದರೆ ಮೂರು, "ಆರನ್ನು ಅರ್ಧದಿಂದ ಭಾಗಿಸು" ಎಂದರೆ ಹನ್ನೆರಡು. ಭಾಗಿಸಿದರೆ ಸಂಖ್ಯೆ ಚಿಕ್ಕದಾಗಲೇಬೇಕೆಂದು ನಂಬಿರುವ ಮಗು ಹನ್ನೆರಡನ್ನು ಕಂಡು ಹೆದರಿ, ಸರಿಯಾದ ಉತ್ತರವನ್ನೇ ಅಳಿಸುತ್ತದೆ.

ಭಾಜಕದ ಅಂಶ ಮತ್ತು ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ತಮ್ಮ 'ಗಣಿತಸಾರ ಸಂಗ್ರಹ'ದಲ್ಲಿ ಹೇಳಿದ್ದಾರೆ. ಆ ನಿಯಮದ ಮೇಲೆ ನನ್ನ ತಕರಾರಿಲ್ಲ, ಕಾರಣ ತಿಳಿಯುವ ಮೊದಲೇ ಅದನ್ನು ಮಗುವಿನ ಕೈಗೆ ಕೊಡುವುದರ ಮೇಲಿದೆ. ಎರಡನ್ನೂ ಪಾವಿಗೆ ಇಳಿಸಿಕೊಂಡರೆ ಕಾರಣ ಕಣ್ಣಿಗೇ ಕಾಣುತ್ತದೆ: ಮೊರದಲ್ಲಿರುವುದು ಏಳು ಪಾವು, ಅಳೆಯುವ ಪಾತ್ರೆ ಎರಡು ಪಾವಿನದು. ಛೇದ ಒಂದೇ ಆದ ಮೇಲೆ ಉಳಿಯುವುದು 7 ಭಾಗಿಸು 2 ಮಾತ್ರ, ಅಂದರೆ ಮೂರೂವರೆ.

ಇದನ್ನು ಕಂಡ ಮೇಲೆ ಅವಳು 3/8 ಮತ್ತು 4/9ರ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡಳು. ಪೆನ್ಸಿಲ್ ಊರುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳೆಯುವ ಪಾತ್ರೆಯೇ ದೊಡ್ಡದು ದೊಡ್ಡಮ್ಮಾ, ಒಂದು ಸಲವೂ ಪೂರ್ತಿ ತುಂಬುವುದಿಲ್ಲ" ಎಂದಳು.