ವೆನಿಸ್ ಗೇಟಿನಲ್ಲಿ ನಿಂತ ಅಜ್ಜಿ

ಶನಿವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಅದನ್ನು ಕೇಳಿದ್ದು ನನ್ನನ್ನಲ್ಲ. ವೆನಿಸ್‌ನ ಸಾಂತಾ ಲೂಚಿಯಾ ರೈಲು ನಿಲ್ದಾಣದ ಹೊರಗೆ ಪ್ರವೇಶ ಟಿಕೆಟ್ ತಪಾಸಣೆ ಮಾಡುತ್ತಿದ್ದ ಹುಡುಗನನ್ನು ಒಬ್ಬ ಅಜ್ಜಿ ಕೇಳಿದರು: "ಅದಿರಲಿ, ನೀನು ಯಾವ ಊರಿನವನಪ್ಪಾ?"

ಊರಿನಿಂದ ಅವ್ವ ಬಂದಿದ್ದಾಳೆ. ಇಟಲಿಯ ಬೊಲೊನ್ಯಾದಲ್ಲಿ ಬೆಳಿಗ್ಗೆ ರೈಲು ಹತ್ತಿ, ರಾತ್ರಿಯೊಳಗೆ ವಾಪಸ್ ಬರೋಣ ಎಂದು ಹೊರಟಿದ್ದೆವು. ವೆನಿಸ್ ಪ್ರವೇಶ ಶುಲ್ಕ ಇಟ್ಟಿರುವುದೇ ಹೀಗೆ ಒಂದು ದಿನಕ್ಕೆ ಬಂದು ಹೋಗುವವರಿಗೆ. ಮೊದಲೇ ಬುಕ್ ಮಾಡಿದರೆ 5 ಯೂರೊ, ಕೊನೇ ಗಳಿಗೆಯಲ್ಲಾದರೆ 10. ವಸಂತ ಮತ್ತು ಬೇಸಿಗೆಯ ಜನಜಂಗುಳಿಯ ದಿನಗಳಲ್ಲಿ ಮಾತ್ರ, ಅದೂ ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ. ರಾತ್ರಿ ಉಳಿಯುವವರು ಹೋಟೆಲಿನಲ್ಲೇ ಪ್ರವಾಸಿ ತೆರಿಗೆ ಕಟ್ಟುತ್ತಾರೆ, ಅವರಿಗೆ ಇದಿಲ್ಲ. ಫೋನಿನಲ್ಲಿ ಕ್ಯುಆರ್ ಕೋಡ್ ಇರಬೇಕು. ಇಲ್ಲದೆ ಸಿಕ್ಕಿಬಿದ್ದರೆ 50ರಿಂದ 300 ಯೂರೊ ದಂಡ.

ರೈಲಿನಲ್ಲಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಹೊಸಪೇಟೆಯವಳು, ಹಂಪಿಯ ಟಿಕೆಟ್ ಅವಳಿಗೆ ಹೊಸದಲ್ಲ. ವಿಜಯ ವಿಠ್ಠಲ ಗುಡಿ ನೋಡಲು ನಮಗೆ 40 ರೂಪಾಯಿ, ವಿದೇಶಿಯರಿಗೆ 600. "ಗುಡಿಗೆ ಟಿಕೆಟ್ ಇಡ್ತಾರ, ಸರಿ. ಊರಾಗ ಕಾಲಿಡಾಕೂ ಟಿಕೆಟ್ ಏನು?" ಎಂದಳು.

ನನಗೆ ಶುಲ್ಕದ ಬಗ್ಗೆ ತಕರಾರಿರಲಿಲ್ಲ. ಈಗಲೂ ಇಲ್ಲ. ವೆನಿಸ್‌ನ ಓಣಿಗಳಲ್ಲಿ ಲಾರಿ ಓಡುವುದಿಲ್ಲ. ಕಸವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ದೋಣಿಗೆ ತುಂಬಬೇಕು. ತರಕಾರಿ, ಹಾಸಿಗೆ, ಫ್ರಿಜ್ ಎಲ್ಲವೂ ನೀರಿನ ಮೇಲೇ ಬರಬೇಕು. ಸತ್ತವರನ್ನೂ ದೋಣಿಯಲ್ಲೇ ಸಾನ್ ಮಿಕೇಲೆ ದ್ವೀಪದ ಸ್ಮಶಾನಕ್ಕೆ ಒಯ್ಯಬೇಕು. ನಮ್ಮಂಥವರು ಬಂದು, ಸೇತುವೆ ಮೇಲೆ ದಾರಿ ಕಟ್ಟಿ ಫೋಟೊ ತೆಗೆದು, ನೀರಿನ ಬಾಟಲಿ ಬಿಟ್ಟು ಹೋಗುತ್ತೇವೆ. ಅದರ ಖರ್ಚನ್ನು ಬಂದವರೇ ಕೊಡಲಿ ಎನ್ನುವುದು ನ್ಯಾಯವೇ.

ನಿಲ್ದಾಣದ ಹೊರಗೆ ಜಾಕೆಟ್ ಹಾಕಿದ ಹುಡುಗ ಹುಡುಗಿಯರು ನಿಂತಿದ್ದರು. ನಮ್ಮ ಮುಂದೆ ಆ ಅಜ್ಜಿ. ಎಂಬತ್ತರ ಆಸುಪಾಸು. ಕೈಯಲ್ಲಿ ಎಳೆದುಕೊಂಡು ಹೋಗುವ ಸಂತೆ ಚೀಲ.

"ಸಿನ್ಯೋರಾ, ಕ್ಯುಆರ್ ಕೋಡ್ ತೋರಿಸ್ತೀರಾ?"

"ನಾನು ಇಲ್ಲಿಯವಳು."

"ಹಾಗಾದರೆ ಐಡಿ ಕಾರ್ಡ್ ತೋರಿಸಿ, ಸಾಕು."

"ನಾನು ಹುಟ್ಟಿದ್ದು ಇಲ್ಲೇ. ಮದುವೆಯಾಗಿದ್ದು ಇಲ್ಲೇ. ಗಂಡನನ್ನು ಮಣ್ಣು ಮಾಡಿದ್ದೂ ಇಲ್ಲೇ."

"ಗೊತ್ತಾಯ್ತು ಸಿನ್ಯೋರಾ. ಆದರೆ ನಾನು ನೋಡಲೇಬೇಕು."

ಆಗ ಅವರು ಆ ಪ್ರಶ್ನೆ ಕೇಳಿದ್ದು. ನೀನು ಯಾವ ಊರಿನವನಪ್ಪಾ? ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಕಡೆ ಹಿರಿಯರು ಹೊಸಬರನ್ನು ಮಾತಾಡಿಸುವ ಹಾಗೇ ಇತ್ತು.

"ಮೆಸ್ತ್ರೆ" ಎಂದ ಹುಡುಗ. ಒಂದು ಕ್ಷಣ ಬಿಟ್ಟು, "ನಮ್ಮಜ್ಜಿಯ ಮನೆ ಕನ್ನರೇಜೊದಲ್ಲಿತ್ತು" ಎಂದು ಸೇರಿಸಿದ.

ಅಜ್ಜಿ ಮತ್ತೇನೂ ಹೇಳದೆ ಕಾರ್ಡ್ ತೆಗೆದು ತೋರಿಸಿದರು.

ಹುಡುಗ ಒಳ್ಳೆಯವನು. ಒಂದು ಮಾತೂ ಜೋರಾಗಿ ಆಡಲಿಲ್ಲ, ಕೆಲಸ ಅವನದು. ನನಗೆ ಸಹಿಸಲಾಗದ್ದು ನಮ್ಮ ಹಿಂದಿದ್ದ ಗುಂಪು. ಅಜ್ಜಿ ವಾದಿಸುತ್ತಿದ್ದಷ್ಟು ಹೊತ್ತೂ ಅವರಲ್ಲಿಬ್ಬರು ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಆ ಹೆಂಗಸಿಗೂ ಒಂದು ಮಾನ ಇರುತ್ತದೆ, ಅಲ್ವಾ?

ಮೆಸ್ತ್ರೆ ಎಂದರೆ ಸೇತುವೆಯ ಆಚೆ, ನೆಲದ ಮೇಲಿರುವ ಊರು. ರೈಲಿನಲ್ಲಿ ಹತ್ತು ನಿಮಿಷ. ಕನ್ನರೇಜೊ ವೆನಿಸ್‌ನ ಒಳಗಿನ ಕೇರಿ, ನಿಲ್ದಾಣದಿಂದ ಹೊರಬಂದರೆ ಅದೇ. ವೆನಿಸ್‌ನಲ್ಲಿ ಮನೆ ನಿಭಾಯಿಸಲಾಗದವರು ದಶಕಗಳಿಂದ ಮೆಸ್ತ್ರೆಗೆ ಹೋಗುತ್ತಿದ್ದಾರೆ. ಅಜ್ಜಿಯ ಮನೆ ಇದ್ದ ಕೇರಿಯ ಬಾಗಿಲಲ್ಲೇ ಮೊಮ್ಮಗ ಜಾಕೆಟ್ ಹಾಕಿ ನಿಂತು, ಅಲ್ಲೇ ಉಳಿದಿರುವ ಇನ್ನೊಬ್ಬ ಅಜ್ಜಿಯನ್ನು 'ನೀವು ಇಲ್ಲಿಯವರೇನಾ' ಎಂದು ಕೇಳಬೇಕಾಗಿ ಬಂದಿದೆ. ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು ಇದಕ್ಕೆ.

ರಿಯಾಲ್ತೊ ಸೇತುವೆ ಹತ್ತಿರ ಸಾನ್ ಬಾರ್ತೊಲೊಮಿಯೊ ಎಂಬ ಚೌಕವಿದೆ. ಅಲ್ಲಿನ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ಊರಿನ ಜನಸಂಖ್ಯೆ ತೋರಿಸುವ ಫಲಕ ಇಟ್ಟಿದ್ದಾರೆ. 1950ರ ದಶಕದ ಆರಂಭದಲ್ಲಿ ಹಳೇ ಊರಿನೊಳಗೆ ಸುಮಾರು 1,75,000 ಜನ ಇದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ಊರಿನವರ ಸಂಖ್ಯೆಯನ್ನೇ ದಾಟಿತು. ಹೋಟೆಲು, ಬಾಡಿಗೆ ಅಪಾರ್ಟ್‌ಮೆಂಟು ಎಲ್ಲ ಸೇರಿ.

ಶುಲ್ಕ ಶುರುವಾದದ್ದು 2024ರ ಏಪ್ರಿಲ್ 25ರಂದು. ಅದೇ ದಿನ ಊರಿನವರು ಬೀದಿಗಿಳಿದು ಪ್ರತಿಭಟನೆ ಮಾಡಿದರು. ಅವರ ವಿರೋಧ 5 ಯೂರೊಗೆ ಇರಲಿಲ್ಲ, ಅವರು ಕಟ್ಟಬೇಕಾಗಿಯೂ ಇರಲಿಲ್ಲ. ಊರಿಗೆ ಗೇಟು ಹಾಕಿ ಮ್ಯೂಸಿಯಂ ಮಾಡಬೇಡಿ ಎಂಬುದು ಅವರ ಮಾತು. ಮೊದಲ ವರ್ಷ 29 ದಿನ ವಸೂಲಿ ಮಾಡಿದರು, ಸುಮಾರು 24 ಲಕ್ಷ ಯೂರೊ ಬಂತು. ಮರುವರ್ಷ ದಿನಗಳನ್ನು 54ಕ್ಕೆ ಏರಿಸಿದರು. ನಾವು ಹೋದ ದಿನವಂತೂ ಕಾಲಿಡಲು ಜಾಗವಿರಲಿಲ್ಲ. 5 ಯೂರೊ ಅಂದರೆ ಸಾನ್ ಮಾರ್ಕೊ ಚೌಕದ ಕೆಫೆಯಲ್ಲಿ ಕೂತು ಒಂದು ಕಾಫಿ ಕುಡಿಯಲೂ ಸಾಲದು. ಅಷ್ಟಕ್ಕೆ ಹೆದರಿ ಯಾರು ವಾಪಸ್ ಹೋಗುತ್ತಾರೆ?

ವಾಪಸ್ ಬರುವಾಗ ಅವ್ವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಪಾದುವಾ ದಾಟಿದ ಮೇಲೆ ಮಾತಾಡಿದಳು. "ರೊಕ್ಕ ಇಸ್ಕೊಳ್ಳಿ. ಆ ಮುದುಕೀನ ಯಾಕ ತಡೀಬೇಕಿತ್ತು?" ಆಮೇಲೆ ಹಂಪಿ ಬಜಾರಿನ ಮಾತು ತೆಗೆದಳು.

ಅವ್ವನ ಗೆಳತಿಯೊಬ್ಬರು ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದರು. ಕಲ್ಲಿನ ಮಂಟಪಕ್ಕೇ ಗೋಡೆ ಕಟ್ಟಿಕೊಂಡು, ಹಿಂದೆ ಮನೆ, ಮುಂದೆ ಅಂಗಡಿ. ಆ ಬೀದಿಯಲ್ಲಿ ಬಹಳ ಮಂದಿ ಹಾಗೇ ಇದ್ದರು. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ಸ್ಮಾರಕ ಉಳಿಯಬೇಕು, ಒಪ್ಪುತ್ತೇನೆ. ಮಂಟಪದ ಕಂಬಕ್ಕೆ ಮೊಳೆ ಹೊಡೆಯುವುದನ್ನು ನಾನೂ ನೋಡಿದ್ದೇನೆ, ಅದು ತಪ್ಪೇ. ಆದರೆ ಸಾಮಾನು ತೆಗೆಯಲೂ ಸರಿಯಾಗಿ ಸಮಯ ಕೊಡದೆ ಜನರನ್ನು ಎಬ್ಬಿಸಿದ್ದನ್ನು ಅವ್ವ ಇವತ್ತಿಗೂ ಮರೆತಿಲ್ಲ. ಕಡ್ಡಿರಾಂಪುರದಲ್ಲಿ ಸೈಟು ಕೊಟ್ಟರು. ಅಲ್ಲಿಗೆ ಪ್ರವಾಸಿಗರು ಬರುವುದಿಲ್ಲ, ಇಡ್ಲಿಯನ್ನು ಯಾರಿಗೆ ಮಾರುವುದು? ಇವತ್ತು ಆ ಬಜಾರು ಫೋಟೊಗೆ ಚೆಂದ ಕಾಣುತ್ತದೆ, ಸಾಲುಸಾಲು ಖಾಲಿ ಮಂಟಪ. ನನಗೆ ಅಲ್ಲಿ ನಡೆಯುವಾಗ ಮನಸ್ಸು ಭಾರವಾಗುತ್ತದೆ.

ವೆನಿಸ್‌ನಲ್ಲಿ ಬುಲ್ಡೋಜರ್ ಬರಲಿಲ್ಲ. ಬಾಡಿಗೆ ಏರಿತು, ತರಕಾರಿ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂತು. ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಶುಲ್ಕ 20 ಯೂರೊ ಮಾಡಲಿ, ಸಂತೋಷದಿಂದ ಕೊಡುತ್ತೇನೆ. ಆದರೆ ಎಷ್ಟು ದುಡ್ಡು ಬಂತು ಎಂದು ಹೇಳುವವರು, ಆ ದುಡ್ಡಿನಿಂದ ಎಷ್ಟು ಮನೆ ರಿಪೇರಿಯಾಗಿ ಸಾಮಾನ್ಯ ಬಾಡಿಗೆಗೆ ಸಿಕ್ಕಿತು, ಮೆಸ್ತ್ರೆಯಿಂದ ಎಷ್ಟು ಸಂಸಾರ ವಾಪಸ್ ಬಂತು ಎಂದೂ ಹೇಳಬೇಕು. ಹಂಪಿಯ 600 ರೂಪಾಯಿಗೂ ನಾನು ಕೇಳುವುದು ಇಂಥದೇ ಲೆಕ್ಕ: ಅದರಲ್ಲಿ ಕಡ್ಡಿರಾಂಪುರಕ್ಕೆ ಎಷ್ಟು ಹೋಯಿತು?