ಹಾಡಿನೊಳಗೆ ರಿಂಗಾದ ಫೋನು

ಅವತ್ತು ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದೆ. ಹಾಡಿನ ನಡುವೆ ಫೋನು ಬಡಿದುಕೊಂಡಿತು. ಗಡಬಡಿಸಿ ಎದ್ದು ನೋಡಿದರೆ ನನ್ನ ಫೋನು ಸುಮ್ನೆ ಬಿದ್ದಿತ್ತು. ಹಾಡನ್ನು ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಕೇಳಿದೆ. ಅದೇ ಜಾಗದಲ್ಲಿ, ಅದೇ ಟ್ರಿಣ್. ಫೋನು ಇದ್ದದ್ದು ಹಾಡಿನೊಳಗೆ!

ಆ ಹಾಡು 'ಸ್ಟೀವನ್ಸ್ ಲಾಸ್ಟ್ ನೈಟ್ ಇನ್ ಟೌನ್'. ಬೆನ್ ಫೋಲ್ಡ್ಸ್ ಫೈವ್ ಎಂಬ ರಾಕ್ ತಂಡದ 1997ರ ಆಲ್ಬಂ 'ವಾಟೆವರ್ ಆ್ಯಂಡ್ ಎವರ್ ಆಮೆನ್'ನಲ್ಲಿದೆ. ಈ ಆಲ್ಬಂ ರೆಕಾರ್ಡ್ ಆಗಿದ್ದು ಅಮೆರಿಕದ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ, ಒಂದು ಮನೆಯಲ್ಲಿ. ಹಾಡಿನ ನಡುವೆ ವಾದ್ಯಗಳೆಲ್ಲ ಒಂದು ಕ್ಷಣ ನಿಲ್ಲುತ್ತವೆ. ಸರಿಯಾಗಿ ಆ ಗ್ಯಾಪ್‌ನಲ್ಲೇ ಫೋನು ರಿಂಗಾಗಿದೆ. ಅವರು ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಎಂಥ ಒಳ್ಳೆಯ ನಿರ್ಧಾರ!

ಹೆಸರಲ್ಲಿ ಫೈವ್ ಅಂತಿದ್ದರೂ ತಂಡದಲ್ಲಿ ಇದ್ದದ್ದು ಮೂರೇ ಜನ. ಬೆನ್ ಫೋಲ್ಡ್ಸ್ ಪಿಯಾನೊ ನುಡಿಸುತ್ತಾ ಹಾಡುತ್ತಾರೆ. ರಾಬರ್ಟ್ ಸ್ಲೆಜ್ ಬೇಸ್ (ತಗ್ಗು ದನಿಯ ತಂತಿವಾದ್ಯ), ಡ್ಯಾರೆನ್ ಜೆಸ್ಸಿ ಡ್ರಮ್ಸ್. ಮಾಮೂಲಿ ಗಿಟಾರ್ ಇಲ್ಲವೇ ಇಲ್ಲ. ರಾಕ್ ಅಂದರೆ ಗಿಟಾರ್ ಅಂತಲೇ ನಂಬಿದ್ದ ನನಗೆ ಇದು ದೊಡ್ಡ ಆಶ್ಚರ್ಯ. ಪಿಯಾನೊ ನೋಡೋಕೆ ಎಷ್ಟೇ ಗಂಭೀರವಾಗಿರಲಿ, ಒಳಗೆ ಇರುವುದು ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳು ಅಲ್ವಾ? ಈ ಮನುಷ್ಯ ಅದನ್ನು ಒಂದು ಗಳಿಗೆಯೂ ಮರೆಯುವುದಿಲ್ಲ. ಆಲ್ಬಂನ ಮೊದಲ ಹಾಡಿನಲ್ಲಿ ಎಡಗೈ ಡ್ರಮ್ಸ್ ಜೊತೆ ಪೈಪೋಟಿಗೆ ಬಿದ್ದ ಹಾಗೆ ಬಡಿಯುತ್ತದೆ. ಗಿಟಾರ್ ಗದ್ದಲ ಇರಬೇಕಾದ ಜಾಗಕ್ಕೆ ಸ್ಲೆಜ್ ತಮ್ಮ ಬೇಸನ್ನೇ ಒರಟಾಗಿ ಗುರುಗುಡಿಸಿ ತರುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಆಲ್ಬಂನ 'ಬ್ರಿಕ್' ಹಾಡು. ಅಲ್ಲಿ ಅಬ್ಬರವೆಲ್ಲ ಇಳಿದುಹೋಗುತ್ತದೆ. ಪಿಯಾನೊ ಒಂದೇ ಸಣ್ಣ ಸುತ್ತನ್ನು ಮತ್ತೆ ಮತ್ತೆ ನುಡಿಯುತ್ತಿರುತ್ತದೆ. ಅದರ ಕೆಳಗೆ ಸ್ಲೆಜ್ ಪಿಟೀಲಿನಂತೆ ಕಾಣುವ ದೊಡ್ಡ ಡಬಲ್ ಬೇಸಿನ ಮೇಲೆ ಕಮಾನು ಎಳೆಯುತ್ತಾರೆ. ಗಂಟಲು ಕಟ್ಟಿದವರ ನಿಟ್ಟುಸಿರಿನಂಥ ದನಿ. ಫೋಲ್ಡ್ಸ್ ಹೈಸ್ಕೂಲಿನಲ್ಲಿದ್ದಾಗ ಅವರ ಗೆಳತಿ ಗರ್ಭಪಾತ ಮಾಡಿಸಿಕೊಂಡ ದಿನದ ನೆನಪು ಅದು. ಹಾಡಿನಲ್ಲಿ ಆ ಮಾತು ನೇರವಾಗಿ ಬರುವುದಿಲ್ಲ. ಅದಕ್ಕೇ ಜಾಸ್ತಿ ಚುಚ್ಚುತ್ತದೆ.

ಫೋನು ಸಿಕ್ಕಿದ ಮೇಲೆ ನಿದ್ದೆ ಹಾರಿಹೋಯಿತು. ಮತ್ತೆ ಮೊದಲ ಹಾಡಿನಿಂದ ಶುರು ಮಾಡಿದೆ. ಈ ಸಲ ಹಾಡಿನ ಜೊತೆ ಆ ಮನೆಯನ್ನೂ ಕೇಳಿಸಿಕೊಳ್ಳುತ್ತಾ ಹೋದೆ. ಪಕ್ಕದ ಕೋಣೆಯಲ್ಲೇ ಮೂವರು ಕೂತು ನುಡಿಸುತ್ತಿದ್ದಾರೆ, ಬಾಗಿಲು ತೆರೆದೇ ಇದೆ ಅನ್ನಿಸಿತು. ಫೋನಿನ ಜಾಗ ಬಂದಾಗ ಉಸಿರು ಬಿಗಿಹಿಡಿದು ಕಾದೆ. ಟ್ರಿಣ್. ಕತ್ತಲಲ್ಲಿ ಒಬ್ಬನೇ ನಕ್ಕೆ. ಕೊನೆಯ ಹಾಡು ಮುಗಿದಾಗ ಎರಡು ಗಂಟೆ ದಾಟಿತ್ತು. ಆದರೂ ಹೆಡ್‌ಫೋನ್ ತೆಗೆಯಲು ಮನಸ್ಸೇ ಬರಲಿಲ್ಲ.