ಲಗ್ನಪತ್ರಿಕೆಯ ಮೇಲೆ ಕವಿತೆ: ಐದು ವಾರಗಳ ದಿನಚರಿ

ಜೂನ್ 2

ಅಮ್ಮನ ತಗಡಿನ ಪೆಟ್ಟಿಗೆಯಲ್ಲಿದ್ದ ಲಗ್ನಪತ್ರಿಕೆಗಳನ್ನು ಹೊರಗೆ ತೆಗೆದು ಎಣಿಸಿದೆ. 143 ಇವೆ. ಎಲ್ಲದರ ಮೂಲೆಗಳಲ್ಲೂ ಅರಿಸಿನ, ಹಲವುಗಳ ಹಿಂಬದಿಯಲ್ಲಿ ಅಮ್ಮನ ಅಕ್ಷರ: ‘ಮುಯ್ಯಿ 21 ರೂ.’, ‘ಸ್ಟೀಲ್ ಲೋಟ 2’. ಯಾರ ಮನೆಯ ಮದುವೆಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕಕ್ಕಾಗಿಯೇ ಇವು ಇಷ್ಟು ವರ್ಷ ಉಳಿದುಕೊಂಡಿವೆ.

ನನಗೆ ಬೇಕಾದದ್ದು ಮುಂಬದಿ. ಅಚ್ಚಾದ ಪದಗಳಲ್ಲಿ ಕೆಲವನ್ನು ಮಾತ್ರ ಉಳಿಸಿ, ಉಳಿದದ್ದನ್ನು ಬಣ್ಣದಿಂದಲೋ ಬಟ್ಟೆಯಿಂದಲೋ ಮುಚ್ಚಿ ಕವಿತೆಯನ್ನು ಹೊರತೆಗೆಯಬೇಕು. ನನ್ನದಾಗಿ ಒಂದಕ್ಷರವನ್ನೂ ಸೇರಿಸುವುದಿಲ್ಲ, ಇದು ನಾನು ಹಾಕಿಕೊಂಡ ನಿಯಮ. ಇನ್ನೊಂದು ನಿಯಮವನ್ನು ಅಮ್ಮ ಹಾಕಿದಳು: “ಅರಿಸಿನ ಹಚ್ಚಿದ್ದನ್ನು ಹರಿಯಬಾರದು ಕಣೇ.” ಹಾಗಾಗಿ ಕತ್ತರಿ ಡಬ್ಬಿಯೊಳಗೆ ಹೋಯಿತು.

ಜೂನ್ 5

ಕೆಲಸ ಶುರುಮಾಡುವ ಮೊದಲು ಹತ್ತು ಪತ್ರಿಕೆಗಳ ಕ್ರಿಯಾಪದಗಳನ್ನು ಬರೆದುಕೊಂಡೆ. ಗುರುಹಿರಿಯರು ‘ನಿಶ್ಚಯಿಸಿದಂತೆ’. ಬರುವವರು ‘ದಯಮಾಡಿಸಿ’. ಕರೆಯುವವರು ‘ಕೋರುವ’, ‘ಬಯಸುವ’. ಮದುವೆಯಾಗುವ ಇಬ್ಬರು ಬರುವುದು ಒಂದೇ ಕಡೆ, ‘ವಧೂವರರನ್ನು’ ಎಂದು, ದ್ವಿತೀಯಾ ವಿಭಕ್ತಿಯಲ್ಲಿ. ಅವರು ಏನನ್ನೂ ಮಾಡುವುದಿಲ್ಲ. ಅದನ್ನು ಕಂಡ ಮೇಲೆ ಈ ಕೆಲಸದ ದಾರಿ ನನಗೆ ಸ್ಪಷ್ಟವಾಯಿತು: ವಧುವಿಗೊಂದು ಕ್ರಿಯಾಪದವನ್ನು ಅದೇ ಹಾಳೆಯಲ್ಲಿ ಹುಡುಕಿಕೊಡಬೇಕು.

ಜೂನ್ 9

ಮೊದಲ ಪತ್ರಿಕೆ ಮುಗಿಯಿತು. ಇಡೀ ಪದಗಳನ್ನೇ ಆರಿಸುತ್ತಾ ಹೋದರೆ ಕನ್ನಡದಲ್ಲಿ ಹೆಚ್ಚು ದೂರ ಹೋಗಲಾಗುವುದಿಲ್ಲ. ವಿಭಕ್ತಿ, ಕಾಲ, ಲಿಂಗ ಎಲ್ಲವೂ ಪದಕ್ಕೇ ಅಂಟಿಕೊಂಡು ಬಂದಿರುತ್ತವೆ. ಪದದ ಒಳಗೆ ಇಳಿದಾಗಲೇ ಬಾಗಿಲು ತೆರೆಯುತ್ತದೆ. ‘ನಡೆಯಲಿರುವ’ ಎಂಬುದರಲ್ಲಿ ಕೊನೆಯ ಎರಡಕ್ಷರ ಮುಚ್ಚಿದರೆ ‘ನಡೆಯಲಿ’. ‘ಸುಖಾಗಮನವನ್ನು’ ಎಂಬುದರಲ್ಲಿ ಮೊದಲ ಮೂರು ಮುಚ್ಚಿದರೆ ‘ಮನವನ್ನು’. ‘ಆಶೀರ್ವಾದವೇ’ ಎಂಬಲ್ಲಿ ‘ಆಶೀ’ಯನ್ನು ಮುಚ್ಚಿ, ‘ವಾ’ ಆದ ಮೇಲೆ ನಿಂತಿರುವ ಅರ್ಕಾವತ್ತಿನ ಕೊಂಡಿಯ ಮೇಲೆ ಸಾಸಿವೆಯಷ್ಟು ಬಣ್ಣ ಇಟ್ಟರೆ ಸಾಕು, ‘ವಾದವೇ’ ಉಳಿಯುತ್ತದೆ. ಆ ಚುಕ್ಕೆಯನ್ನು ಇಡುವಾಗ ಉಸಿರು ಹಿಡಿದಿದ್ದೆ.

ನಡೆಯಲಿ
ದಯ ಬೇಕಾಗಿ
ತಮ್ಮ ಮನವನ್ನು ಬಯಸುವ
ವಾದವೇ ಉಡುಗೊರೆ

ಇದನ್ನು ನಾನು ಬರೆದೆ ಎನ್ನಲಾರೆ. ಅದು ಅಲ್ಲಿಯೇ ಇತ್ತು.

ಜೂನ್ 14

ಎರಡು ಪತ್ರಿಕೆಗಳು ಹಾಳಾದವು. ಹೊಸ ಕಾಲದ ಪತ್ರಿಕೆಗಳು ನುಣುಪಾದ ಕಾರ್ಡಿನವು; ಅವುಗಳ ಮೇಲೆ ಮಸಿ ಹನಿಹನಿಯಾಗಿ ನಿಲ್ಲುತ್ತದೆ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಆಮೇಲೆ ತೆಳ್ಳಗೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ, ಹಚ್ಚಿದರೆ ಹಿಡಿಯುತ್ತದೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪತ್ರಿಕೆಗಳಿಗೆ ಈ ಯಾವ ಉಪಚಾರವೂ ಬೇಡ. ಒರಟು ಕಾಗದ ಬಣ್ಣವನ್ನು ಕುಡಿದುಕೊಳ್ಳುತ್ತದೆ. ಹಿಂದಿನಿಂದ ಬೆರಳಾಡಿಸಿದರೆ ಅಕ್ಷರಗಳ ಒತ್ತು ಕೂಡ ಸಿಗುತ್ತದೆ.

ಜೂನ್ 18

ಬಿಳಿ ಬಣ್ಣ ಮುಗಿದಿತ್ತು. ಅಮ್ಮನ ಎಲೆ ಅಡಿಕೆ ತಟ್ಟೆಯಿಂದ ಸುಣ್ಣವನ್ನು ತೆಗೆದು, ಸ್ವಲ್ಪ ಮೈದಾ ಅಂಟಿನಲ್ಲಿ ಕಲಸಿ ಬಳಿದೆ. ಕುಂಚ ಮೂಲೆಗೆ ತಾಗಿದ್ದೇ ತಡ, ಹಳದಿ ಕೆಂಪಾಯಿತು. ಅರಿಸಿನ ಮತ್ತು ಸುಣ್ಣ ಸೇರಿದರೆ ಕುಂಕುಮದ ಬಣ್ಣ ಬರುವುದು ಆರತಿ ತಟ್ಟೆಯ ಓಕುಳಿ ನೀರು ನೋಡಿದ ಎಲ್ಲರಿಗೂ ಗೊತ್ತು. ಆದರೆ ನಾಲ್ಕು ದಶಕ ಪೆಟ್ಟಿಗೆಯ ಕತ್ತಲಲ್ಲಿದ್ದ ಅರಿಸಿನ ಇನ್ನೂ ಹಾಗೆ ಮಾತಾಡುತ್ತದೆ ಎಂದುಕೊಂಡಿರಲಿಲ್ಲ. ಅಮ್ಮನನ್ನು ಕೂಗಿದೆ. ಬಂದವಳು ಬಹಳ ಹೊತ್ತು ನೋಡುತ್ತಾ ನಿಂತಳು. “ಮೂಲೆ ಬಿಟ್ಟು ಬಳಿ. ಒಂದೇ ಒಂದು ಮೂಲೆಗೆ ಮಾತ್ರ ತಾಗಿಸು” ಎಂದಳು. ಅಮ್ಮ ಹೇಳಿದ್ದೇ ಸರಿ, ಒಂದೇ ಕೆಂಪು ಮೂಲೆ ಇದ್ದಾಗ ಕಣ್ಣು ಅಲ್ಲಿಂದಲೇ ಓದಲು ತೊಡಗುತ್ತದೆ.

ಜೂನ್ 25

ಆ ಕೆಂಪು ಕಂದಿ ಕಾವಿಯ ಕಡೆಗೆ ತಿರುಗಿದೆ. ಸುಣ್ಣ ಗಾಳಿಯೊಡನೆ ಬೆರೆತು ನಿಧಾನವಾಗಿ ಸೀಮೆಸುಣ್ಣದಂತಾಗುತ್ತದೆ, ಖಾರ ಇಳಿಯುತ್ತದೆ, ಅದರೊಡನೆ ಕೆಂಪೂ ಇಳಿಯುತ್ತದೆ. ಹೋಗಲಿ ಎಂದು ಬಿಟ್ಟಿದ್ದೇನೆ. ಅರಿಸಿನಕ್ಕೂ ಬಿಸಿಲು ಆಗದು. ಚೌಕಟ್ಟು ಹಾಕಿದ ಮೇಲೆ ಇವುಗಳನ್ನು ಕಿಟಕಿಯ ಎದುರಿಗೆ ತೂಗುಹಾಕಬಾರದು.

ಜೂನ್ 28

ಇಂದು ಒಂದು ಪದ ನನ್ನನ್ನು ಕೂರಿಸಿಬಿಟ್ಟಿತು. ‘ಆರತಕ್ಷತೆ ಸಂಜೆ 6.30ಕ್ಕೆ’ ಎಂಬ ಸಾಲು. ಮೊದಲ ಮೂರಕ್ಷರ ಮುಚ್ಚಿದೆ. ‘ಕ್ಷತೆ’ ಉಳಿಯಿತು. ಅಕ್ಷತೆ ಎಂದರೆ ಮುರಿಯದ ಅಕ್ಕಿ. ‘ಅಲ್ಲ’ ಎನ್ನುವ ಆ ‘ಅ’ಕಾರ ಹಿಂದಿನ ಅಕ್ಷರದಲ್ಲಿ ಕರಗಿ ಹೋಗಿದ್ದರಿಂದ, ಕೈಯಲ್ಲಿ ಉಳಿದವಳು ಗಾಯಗೊಂಡವಳು. ಎಷ್ಟು ಮದುವೆಗಳಲ್ಲಿ ಈ ಪದವನ್ನು ಓದಿದ್ದೇನೆ!

ಆದರೆ ಆ ಪತ್ರಿಕೆಯ ಹುಡುಗಿ ನನಗೆ ಗೊತ್ತಿರುವವಳು. ಅವಳ ಹೆಸರಿನ ಕೆಳಗೆ ಆ ಪದವನ್ನು ನಿಲ್ಲಿಸುವ ಹಕ್ಕು ನನಗಿಲ್ಲ. ಇಡೀ ಸಾಲನ್ನು ಮುಚ್ಚಿದೆ. ಮುದ್ರಣಾಲಯದವರು ಗಿರಾಕಿಗಳಿಗೆ ತೋರಿಸಲು ಇಟ್ಟಿರುವ ಮಾದರಿ ಪತ್ರಿಕೆಯೊಂದನ್ನು ಕೇಳಿ ತಂದಿದ್ದೇನೆ. ‘ಕ್ಷತೆ’ಯನ್ನು ಅದರ ಮೇಲೆ, ಯಾರದ್ದೂ ಅಲ್ಲದ ಹೆಸರುಗಳ ನಡುವೆ ಮಾಡುತ್ತೇನೆ. ಇನ್ನು ಮುಂದೆ ಎಲ್ಲ ಪತ್ರಿಕೆಗಳಲ್ಲೂ ಮೊದಲು ಮುಚ್ಚುವುದು ಹೆಸರುಗಳನ್ನು.

ಜುಲೈ 3

ಇಂಗ್ಲೆಂಡಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ಸ್ ಕೊಟ್ಟು ಒಂದು ಹಳೆಯ ಕಾದಂಬರಿಯನ್ನು ಕೊಂಡು, ಅದರ ಪುಟಗಳ ಮೇಲೆಯೇ ಚಿತ್ರ ಬಿಡಿಸಿ, ಉಳಿಸಿದ ಪದಗಳಿಂದ ಬೇರೊಂದು ಕಥೆಯನ್ನು ಕಟ್ಟಿದರು. ದಶಕಗಳ ಕಾಲ ಅದೇ ಪುಸ್ತಕದ ಪುಟಗಳನ್ನು ಮತ್ತೆ ಮತ್ತೆ ಮಾಡಿದರು. ಪದದಿಂದ ಪದಕ್ಕೆ ಅವರು ಬಿಡುವ ತೆಳ್ಳನೆಯ ಬಿಳಿ ಕಾಲುವೆಗಳು ನನಗೆ ಬಲು ಇಷ್ಟ. ನಾನೂ ಪ್ರಯತ್ನಿಸಿದೆ, ಆಗಲಿಲ್ಲ. ಇಂಗ್ಲಿಷಿನ ಸಾಲುಗಳ ನಡುವೆ ಜಾಗ ಇರುತ್ತದೆ. ನಮ್ಮಲ್ಲಿ ಒತ್ತಕ್ಷರಗಳು ಬೇರಿನಂತೆ ಕೆಳಗೆ ಇಳಿದು ದಾರಿ ಕಟ್ಟುತ್ತವೆ. ಕಾಲುವೆ ‘ಮ್ಮ’ದ ಒತ್ತನ್ನು ಕಡಿದರೆ ‘ತಮ್ಮ’ ‘ತಮ’ ಆಗುತ್ತದೆ.

ಅದಕ್ಕೆ ನೂಲು ತೆಗೆದುಕೊಂಡೆ. ಕಾರ್ಡಿನ ಹಿಂದೆ ಹಸಿರು ರವಿಕೆ ಕಣವನ್ನು ಇಟ್ಟು, ದಬ್ಬಳದಿಂದ ಮೊದಲೇ ತೂತು ಮಾಡಿ, ಪದದಿಂದ ಪದಕ್ಕೆ ಕೆಂಪು ದಾರದ ಹೊಲಿಗೆ. ದಾರ ಒತ್ತಿನ ಮೇಲೆ ಹಾಯ್ದರೂ ಅದನ್ನು ಅಳಿಸುವುದಿಲ್ಲ. “ಇದು ಹರಿದಂತೆ ಆಯಿತೇನಮ್ಮ?” ಎಂದು ಕೇಳಿದೆ. “ಹೊಲಿಯುವುದು ಬೇರೆ” ಎಂದಳು.

ಜುಲೈ 7

ಈವರೆಗೆ ಒಂಬತ್ತು ಮುಗಿದಿವೆ. ಇಂದು ಮೇಜಿನ ಮೇಲೆ ಇರುವುದು ಅಮ್ಮನದೇ ಪತ್ರಿಕೆ, 1976ರದು.

‘ಇರು’ ಎಂಬ ಪದ ನನಗೆ ಮೊದಲಿನಿಂದ ಬೇಕಾಗಿತ್ತು. ಅದು ‘ನಡೆಯಲಿರುವ’ದ ಒಳಗೆ ಇದ್ದೂ ಸಿಗುವುದಿಲ್ಲ, ‘ಇ’ಕಾರವನ್ನು ‘ಲ’ಕಾರ ನುಂಗಿದೆ. ಅಮ್ಮನ ಪತ್ರಿಕೆಯ ಕೊನೆಯ ಸಾಲಿನಲ್ಲಿ ‘ಬಸ್ಸಿನಲ್ಲಿ ಬರುವವರು ಕೆರೆ ಏರಿಯ ಬಳಿ ಇಳಿಯುವುದು’ ಎಂದಿದೆ. ಆ ‘ಇ’ಯನ್ನು ಉಳಿಸಿ ಉಳಿದದ್ದನ್ನು ಮುಚ್ಚೋಣ ಎಂದು ಕುಂಚ ಎತ್ತುವಷ್ಟರಲ್ಲಿ ಅಮ್ಮ ಅದೇ ಪದದ ಮೇಲೆ ಬೆರಳಿಟ್ಟಳು. “ಇದನ್ನು ಬಿಡು. ಅವತ್ತು ಮಳೆ. ಏರಿಯ ಹತ್ತಿರ ಇಳಿದು ಸೀರೆ ಎತ್ತಿಕೊಂಡು ನಾನೇ ಎಲ್ಲರಿಗಿಂತ ಮುಂದೆ ನಡೆದೆ.”

‘ಇಳಿಯುವುದು’ ಪೂರ್ತಿ ಉಳಿದಿದೆ. ದಾರ ಅದರ ‘ಇ’ಯಿಂದ ಹೊರಟು, ಕೆಳಗಿನಿಂದ ಮೇಲಕ್ಕೆ ಹತ್ತಿ, ‘ರುವ’ವನ್ನು ಹಿಡಿದು, ‘ಮನ’ಕ್ಕೆ ತಿರುಗುತ್ತದೆ. ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೇನೆ, ನಾಳೆ ತೂತು ಹಾಕಬೇಕು. ತಿರುಗಿಸಿ ನೋಡಿದರೆ ಈ ಒಂದು ಪತ್ರಿಕೆಯ ಹಿಂಬದಿಯಲ್ಲಿ ಮುಯ್ಯಿಯ ಲೆಕ್ಕ ಇಲ್ಲ. ಗಂಟುಗಳನ್ನು ಅಲ್ಲಿ ಹಾಕುತ್ತೇನೆ.